ಮಕ್ಕಳ ನೈಲ್ ಪಾಲಿಶ್: ಬಾಟಲಿ ತಿರುಗಿಸಿ ಹಿಂದೆ ಓದಿ, ಆಮೇಲೆ ದುಡ್ಡು ಕೊಡಿ

ಹಬ್ಬ ಬಂತು ಅಂದ್ರೆ, ಮದುವೆ ಬಂತು ಅಂದ್ರೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಮಗಳಿಗೆ ಯಾವ ನೈಲ್ ಪಾಲಿಶ್ ತರೋದು, ಬಾಯಿಗೆ ಬೆರಳು ಇಟ್ಕೋತಾಳೆ ಏನಾದ್ರೂ ಆಗತ್ತಾ ಅಂತ. ನಮ್ಮ ಮನೇಲೂ ಐದು ವರ್ಷದವಳು ಒಬ್ಳಿದಾಳೆ, ಅವಳಿಗೆ ಊಟ ಇಲ್ದಿದ್ರೂ ನಡಿಯತ್ತೆ ಉಗುರಿಗೆ ಬಣ್ಣ ಇಲ್ದಿದ್ರೆ ನಡಿಯಲ್ಲ. ಹಾಗಾಗಿ ಬಳೆ ಅಂಗಡಿ ಬಾಟಲಿಯಿಂದ ಹಿಡ್ದು ಆನ್‌ಲೈನ್‌ನಲ್ಲಿ ಬರೋ ಮಕ್ಕಳ ಬ್ರ್ಯಾಂಡ್‌ವರೆಗೂ ನಮ್ಮನೇಲಿ ಎಲ್ಲಾ ಇದೆ. ಯಾವ್ದು ಇಟ್ಕೊಂಡೆ ಯಾವ್ದು ಎಸೆದೆ, ಯಾಕೆ ಅಂತ ಬರೀತೀನಿ. ನಾನು ತಂದ ಬಾಟಲಿಗಳ ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಒಂದೇ ಕಂಪನೀದೇ ಒಂದು ಬಣ್ಣ ಚೆನ್ನಾಗಿರತ್ತೆ ಇನ್ನೊಂದು ಇರಲ್ಲ, ಹೆಸರಿಗಿಂತ ಯಾವ ಥರದ್ದು ಅನ್ನೋದೇ ಮುಖ್ಯ.

ಮೊದ್ಲು ಬಳೆ ಅಂಗಡಿದು. ಜಾತ್ರೇಲಿ, ಬಸ್ ಸ್ಟ್ಯಾಂಡ್ ಪಕ್ಕ, ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗತ್ತಲ್ಲ ಪುಟ್ಟ ಬಾಟಲಿ, ಮುಚ್ಚಳ ತೆಗೆದ್ರೆ ಇಡೀ ರೂಮು ಘಮ್ ಅನ್ನತ್ತೆ, ಪೇಂಟ್ ಅಂಗಡಿ ವಾಸ್ನೆ. ಬಣ್ಣ ಮಾತ್ರ ಸೂಪರ್, ಒಂದೇ ಕೋಟ್‌ಗೆ ಕೂತ್ಕೊಳತ್ತೆ, ಎರಡು ನಿಮಿಷಕ್ಕೆ ಒಣಗತ್ತೆ, ಒಂದು ವಾರ ಅಲ್ಲಾಡಲ್ಲ. ಆ ಬಾಟಲಿ ತಿರುಗಿಸಿದ್ರೆ ಹಿಂದೆ ಏನೂ ಇಲ್ಲ! ತಯಾರಿಸಿದವರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಯಾವಾಗ ಮಾಡಿದ್ದು ಯಾವಾಗಿನವರೆಗೆ ಬಳಸಬಹುದು ಏನೂ ಇಲ್ಲ. ಮುಂದೆ ಮಾತ್ರ ದೊಡ್ಡದಾಗಿ ಗುಲಾಬಿ ಚಿತ್ರ. ಇದನ್ನ ಮಕ್ಕಳಿಗೆ ಬೇಡವೇ ಬೇಡ ಅಂತೀನಿ. ಅದ್ರೊಳಗೆ ಇಂಥದ್ದೇ ವಿಷ ಇದೆ ಅಂತ ನಾನು ಹೇಳ್ತಿಲ್ಲ, ಏನಿದೆ ಅಂತ ಕೇಳೋಕೆ ಯಾರೂ ಇಲ್ಲ, ಅದೇ ನನ್ನ ತಕರಾರು.

ನಮ್ಮ ದೇಶದಲ್ಲಿ ಕಾಸ್ಮೆಟಿಕ್ ಮಾಡಿ ಮಾರ್ಬೇಕು ಅಂದ್ರೆ ಲೈಸೆನ್ಸ್ ಬೇಕು, ಆ ಲೈಸೆನ್ಸ್ ನಂಬರ್ ಲೇಬಲ್ ಮೇಲೆ ಇರ್ಬೇಕು, ಎಂ.ಎಲ್. ನಂಬರ್ ಅಂತ ಚಿಕ್ಕದಾಗಿ ಬರ್ದಿರ್ತಾರೆ. ಹೊರದೇಶದಿಂದ ಬಂದಿದ್ರೆ ಆಮದು ಮಾಡಿದವರ ಹೆಸರು ವಿಳಾಸ, ಜೊತೆಗೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಕೊಡೋ ರಿಜಿಸ್ಟ್ರೇಷನ್ ನಂಬರ್. ಬಣ್ಣಗಳಲ್ಲಿ ಸೀಸ 20 ಪಿಪಿಎಂ (ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 20 ಭಾಗ), ಆರ್ಸೆನಿಕ್ 2 ಪಿಪಿಎಂ ದಾಟಬಾರ್ದು ಅಂತ ನಮ್ಮಲ್ಲೂ ಮಿತಿ ಇದೆ. ಆದ್ರೆ ಮಿತಿ ಇರೋದು ಲೈಸೆನ್ಸ್ ತಗೊಂಡು ಮಾಡೋರಿಗೆ ಅಲ್ವಾ, ವಿಳಾಸಾನೇ ಇಲ್ದೋರನ್ನ ಯಾರು ಹಿಡೀತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಒಳ್ಳೇ ಕಂಪನೀದು ತಗೊಂಡ್ರೂ ಬಾಟಲಿ ಮೇಲೆ ಇಂಗ್ರೀಡಿಯೆಂಟ್ಸ್ ಪಟ್ಟಿ ಎಷ್ಟೋ ಸಲ ಇರಲ್ಲ, ನಾವು ಇವ್ರು ಏನೋ ಮುಚ್ಚಿಡ್ತಿದಾರೆ ಅಂದ್ಕೋತೀವಿ. ಕಾರಣ ಏನಂದ್ರೆ ನಮ್ಮ ನಿಯಮದಲ್ಲಿ 60 ಎಂಎಲ್‌ಗಿಂತ ಚಿಕ್ಕ ಲಿಕ್ವಿಡ್ ಪ್ಯಾಕ್‌ಗೆ ಆ ಪಟ್ಟಿ ಹಾಕ್ಲೇಬೇಕು ಅಂತ ಇಲ್ಲ. ನೈಲ್ ಪಾಲಿಶ್ ಬಾಟಲಿ ಇರೋದೇ ಐದರಿಂದ ಹತ್ತು ಎಂಎಲ್. ಅಂದ್ರೆ ಇಡೀ ನೈಲ್ ಪಾಲಿಶ್ ಜಾತೀನೇ ವಿನಾಯಿತಿಲಿ ಹೋಯ್ತು ನೋಡಿ. ಹಾಗಾಗಿ ನಾನು ಒಂದು ರೂಲ್ ಇಟ್ಕೊಂಡಿದೀನಿ, ಕಡ್ಡಾಯ ಇಲ್ದಿದ್ರೂ ಡಬ್ಬದ ಮೇಲೋ ವೆಬ್‌ಸೈಟ್‌ನಲ್ಲೋ ಪೂರ್ತಿ ಪಟ್ಟಿ ಹಾಕಿರೋರದ್ದು ಮಾತ್ರ ಮಗಳ ಕೈಗೆ. ಹಾಕದೇ ಇರೋರದ್ದು ನಾನು ಹಚ್ಕೋತೀನಿ ಬೇಕಾದ್ರೆ.

ಪಟ್ಟಿ ಸಿಕ್ಕಿದ್ರೆ ಓದೋದು ಕಷ್ಟ ಏನಲ್ಲ. ಮಾಮೂಲಿ ದೊಡ್ಡವರ ನೈಲ್ ಪಾಲಿಶ್‌ನಲ್ಲಿ ಮೊದಲ ಹೆಸರುಗಳೇ ಬ್ಯುಟೈಲ್ ಅಸಿಟೇಟ್, ಇಥೈಲ್ ಅಸಿಟೇಟ್, ನೈಟ್ರೋಸೆಲ್ಯುಲೋಸ್. ಮೊದಲೆರಡು ಸಾಲ್ವೆಂಟ್, ಅಂದ್ರೆ ಉಳಿದದ್ದನ್ನ ಕರಗಿಸಿಡೋ ದ್ರವ, ಆ ಘಾಟು ಅವುಗಳದ್ದೇ, ಗಾಳೀಲಿ ಹಾರಿ ಹೋಗತ್ತೆ. ಮೂರನೇದು ಉಗುರಿನ ಮೇಲೆ ಗಟ್ಟಿ ಪದರ ಆಗಿ ನಿಲ್ಲೋದು. ಇದೆಲ್ಲ ಸುಲಭವಾಗಿ ಬೆಂಕಿ ಹತ್ಕೊಳ್ಳೋ ವಸ್ತು ಅನ್ನೋದು ನೆನಪಿರ್ಲಿ, ದೀಪಾವಳಿ ದಿನ ಹಣತೆ ಪಕ್ಕ ಕೂರಿಸ್ಕೊಂಡು ಹಚ್ಚೋದು, ಅಡುಗೆಮನೇಲಿ ಗ್ಯಾಸ್ ಹಚ್ಚಿಟ್ಟು ಪಕ್ಕದಲ್ಲೇ ಹಚ್ಚೋದು ಮಾಡ್ಬೇಡಿ ದಯವಿಟ್ಟು. ಆ ಗಟ್ಟಿ ಪದರ ಚಕ್ಕೆ ಏಳದೇ ಇರ್ಲಿ ಅಂತ ಮೆತ್ತಗೆ ಮಾಡೋಕೆ ಒಂದು ಪ್ಲಾಸ್ಟಿಸೈಸರ್ ಹಾಕ್ತಾರೆ. ಗಲಾಟೆ ಎಲ್ಲಾ ಇರೋದು ಇಲ್ಲೇ.

ಮೊದಲೆಲ್ಲ ಅದಕ್ಕೆ ಡೈಬ್ಯುಟೈಲ್ ಥ್ಯಾಲೇಟ್ ಅಂತ ಹಾಕ್ತಿದ್ರು, ಸಂತಾನಶಕ್ತಿಗೆ, ಹೊಟ್ಟೇಲಿರೋ ಮಗುಗೆ ತೊಂದ್ರೆ ಅಂತ ಯೂರೋಪ್‌ನವ್ರು ಕಾಸ್ಮೆಟಿಕ್‌ನಲ್ಲಿ ಅದನ್ನ ಬ್ಯಾನ್ ಮಾಡಿದ್ರು. ಇದೂ, ಟಾಲ್ಯೂಯಿನ್, ಫಾರ್ಮಾಲ್ಡಿಹೈಡ್ ಮೂರೂ ಸೇರಿ ಟಾಕ್ಸಿಕ್ ಟ್ರಯೋ ಅಂತ ಹೆಸರಾಯ್ತು, ಕಂಪನಿಗಳು ತ್ರೀ ಫ್ರೀ, ಅಂದ್ರೆ ಈ ಮೂರೂ ಇದ್ರಲ್ಲಿಲ್ಲ ಅಂತ ಲೇಬಲ್ ಅಂಟಿಸೋಕೆ ಶುರು ಮಾಡಿದ್ವು. ಡೈಬ್ಯುಟೈಲ್ ಥ್ಯಾಲೇಟ್ ಬದಲಿಗೆ ಬಂದವುಗಳಲ್ಲಿ ಒಂದು ಟ್ರೈಫೀನೈಲ್ ಫಾಸ್ಫೇಟ್. 2015ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವ್ರು ಒಂದಷ್ಟು ಹೆಂಗಸರಿಗೆ ಇದಿರೋ ನೈಲ್ ಪಾಲಿಶ್ ಹಚ್ಚಿಸಿ ಮೂತ್ರ ಪರೀಕ್ಷೆ ಮಾಡಿದ್ರು, ಹತ್ತು ಹದಿನಾಲ್ಕು ಗಂಟೆ ಆದ್ಮೇಲೆ ಅದು ಒಡೆದು ಬರೋ ವಸ್ತು ಮೊದಲಿಗಿಂತ ಹೆಚ್ಚುಕಮ್ಮಿ ಏಳು ಪಟ್ಟು ಜಾಸ್ತಿ ಇತ್ತು. ಗ್ಲೌಸ್ ಹಾಕಿಸಿ ನಕಲಿ ಉಗುರಿಗೆ ಹಚ್ಚಿಸಿದಾಗ ಹಾಗೆ ಏರಲಿಲ್ಲ. ಅಂದ್ರೆ ಮೂಗಿಗಿಂತ ಉಗುರು, ಅದರ ಸುತ್ತಿನ ಚರ್ಮದ ಮೂಲಕಾನೇ ಒಳಗೆ ಹೋಗಿದ್ದು. ಮಕ್ಕಳಿಗೆ ಹಚ್ಚುವಾಗ ಉಗುರಿಗಿಂತ ಜಾಸ್ತಿ ಬಣ್ಣ ಬೆರಳ ಮೇಲೇ ಬೀಳತ್ತೆ ಅನ್ನೋದು ಹಚ್ಚಿದವ್ರಿಗೆಲ್ಲಾ ಗೊತ್ತು. ಅವ್ಳು ಕೂತಲ್ಲಿ ಕೂರಲ್ವಲ್ಲ.

ಈ ಫ್ರೀ ಲೇಬಲ್‌ಗಳ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ತ್ರೀ ಫ್ರೀ ಇದ್ದದ್ದು ಫೈವ್ ಫ್ರೀ ಆಯ್ತು, ಟೆನ್ ಫ್ರೀ ಆಯ್ತು, ಇವಾಗ ಇಪ್ಪತ್ತರ ಮೇಲೂ ಹೋಗಿದೆ. ಯಾವ ಹತ್ತು ಅಂತ ಎಲ್ಲರಿಗೂ ಒಂದೇ ಪಟ್ಟಿ ಇದೆ ಅಂದ್ಕೊಂಡ್ರಾ? ಇಲ್ಲ. 2018ರಲ್ಲಿ ಹಾರ್ವರ್ಡ್‌ನವ್ರು ಈ ಥರ ಲೇಬಲ್ ಇರೋ 40 ನೈಲ್ ಪಾಲಿಶ್ ಪರೀಕ್ಷೆ ಮಾಡಿ, ಒಬ್ಬೊಬ್ರು ಒಂದೊಂದು ಪಟ್ಟಿ ಇಟ್ಕೊಂಡಿದಾರೆ ಅಂತಾನೇ ಬರೆದ್ರು. ಅದಕ್ಕೂ ಮುಂಚೆ, 2012ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆ 25 ಪ್ರಾಡಕ್ಟ್ ಟೆಸ್ಟ್ ಮಾಡಿತ್ತು, ಟಾಲ್ಯೂಯಿನ್ ಇಲ್ಲ ಅಂತ ಹೇಳ್ಕೊಂಡಿದ್ದ 12ರಲ್ಲಿ 10ರಲ್ಲಿ ಟಾಲ್ಯೂಯಿನ್ ಇತ್ತು! ಅಷ್ಟು ಕಾನೂನು ಕಟ್ಟಳೆ ಇರೋ ಊರಲ್ಲೇ ಈ ಕಥೆ. ಇನ್ನು ಪಟ್ಟಿ ಉದ್ದ ಮಾಡೋಕೆ ಗ್ಲುಟನ್ ಇಲ್ಲ ಅಂತೆಲ್ಲ ಸೇರಿಸ್ತಾರೆ, ಉಗುರಿಗೆ ಹಚ್ಚೋದ್ರಲ್ಲಿ ಗೋಧಿ ಇಲ್ಲ ಅಂತ ಹೇಳಿ ನಮ್ಗೇನು ಸಮಾಧಾನ ಸ್ವಾಮಿ. ವೀಗನ್ ಅಂತ ಬರ್ದಿದ್ರೆ ಅದು ಪ್ರಾಣಿಜನ್ಯ ಏನೂ ಇಲ್ಲ ಅಂತ ಅಷ್ಟೇ, ಮಗುಗೆ ಸೇಫ್ ಅಂತ ಅಲ್ಲ.

ಒಂದು ತಮಾಷೆ ಏನಂದ್ರೆ ಈ ಟೆನ್ ಫ್ರೀ ಪಟ್ಟೀಲಿ ಕರ್ಪೂರಾನೂ ಬರತ್ತೆ. ಹೌದು, ನಮ್ಮ ದೇವರ ಮನೆ ಕರ್ಪೂರಾನೇ, ನೈಲ್ ಪಾಲಿಶ್‌ನಲ್ಲಿ ಮೆತ್ತಗೆ ಮಾಡೋಕೆ ಹಾಕ್ತಾರೆ. ನಮ್ಮತ್ತೆ ಕೇಳಿ ನಕ್ಕುಬಿಟ್ರು, ದಿನಾ ಮಂಗಳಾರತಿ ತಗೋತೀವಲ್ಲ ಏನಾಗಿದೆ ಅಂತ. ನೈಲ್ ಪಾಲಿಶ್‌ನಲ್ಲಿರೋ ಒಂಚೂರಿಗಿಂತ ದೇವರ ಮನೇಲಿ ಕೈಗೆ ಸಿಗೋ ಹಾಗೆ ಇಟ್ಟಿರೋ ಕರ್ಪೂರದ ಡಬ್ಬಿನೇ ದೊಡ್ಡ ಅಪಾಯ ಅನ್ಸತ್ತೆ ನನಗೆ, ಚಿಕ್ಕ ಮಕ್ಕಳು ಕಲ್ಲುಸಕ್ಕರೆ ಅಂದ್ಕೊಂಡು ನುಂಗಿದ್ರೆ ಫಿಟ್ಸ್ ಬರಬಹುದು. ಹೇಳ್ದೆ ಅಷ್ಟೇ, ಡಬ್ಬಿ ಈಗ ಮೇಲಿನ ಗೂಡಿಗೆ ಹೋಗಿದೆ.

ಇವಾಗ ನಾನು ಇಟ್ಕೊಂಡಿರೋದು ಯಾವ್ದು ಅಂತ. ವಾಟರ್ ಬೇಸ್ಡ್, ಪೀಲ್ ಆಫ್, ಅಂದ್ರೆ ರಿಮೂವರ್ ಇಲ್ದೆ ಸಿಪ್ಪೆ ಥರ ಕಿತ್ತು ತೆಗೆಯೋದು. ಇದ್ರಲ್ಲಿ ಆ ಸಾಲ್ವೆಂಟ್‌ಗಳ ಬದಲು ನೀರು, ನೈಟ್ರೋಸೆಲ್ಯುಲೋಸ್ ಬದಲು ಅಕ್ರಿಲಿಕ್ ಪಾಲಿಮರ್. ಇಂಗ್ರೀಡಿಯೆಂಟ್ಸ್‌ನಲ್ಲಿ ಮೊದಲ ಒಂದೆರಡು ಹೆಸರಲ್ಲೇ ಅಕ್ವಾ ಅಥವಾ ವಾಟರ್ ಅಂತ ಇದೆಯಾ ನೋಡಿ, ಇಲ್ಲಾಂದ್ರೆ ಮುಂದೆ ಏನೇ ಬರ್ದಿರ್ಲಿ ನಾನು ನಂಬಲ್ಲ. ಹೊರಗಿನವ್ರಲ್ಲಿ ಅಮೆರಿಕದ ಪಿಗ್ಗಿ ಪೇಂಟ್, ಇಂಗ್ಲೆಂಡಿನ ಮಿಸ್ ನೆಲ್ಲಾ, ಕೆನಡಾದ ಸನ್‌ಕೋಟ್ ಈ ಥರದ್ದಕ್ಕೆ ಹೆಸರಾದವು. ಆನ್‌ಲೈನ್‌ನಲ್ಲಿ ಇಂಥವನ್ನ ತಗೊಂಡ್ರೆ ಆಮದುದಾರರ ಸ್ಟಿಕ್ಕರ್ ಇದೆಯಾ ನೋಡಿ, ಸ್ಟಿಕ್ಕರ್ ಇಲ್ದೆ ಬಂದ್ರೆ ಯಾರೋ ಸೂಟ್‌ಕೇಸಲ್ಲಿ ತಂದು ಮಾರ್ತಿರೋದು ಇರಬಹುದು, ಅಸಲಿನೋ ನಕಲಿನೋ ದೇವರೇ ಬಲ್ಲ. ನಮ್ಮ ದೇಶದ ಮಕ್ಕಳ ಬ್ರ್ಯಾಂಡ್‌ಗಳೂ ಈಗ ಬಂದಿವೆ, ರೇಟ್ ಇನ್ನೂರೈವತ್ತು ಮುನ್ನೂರರ ಆಸುಪಾಸು, ಹೊರಗಿನದು ಅದಕ್ಕಿಂತ ಜಾಸ್ತಿ. ಆರೇಳು ಎಂಎಲ್‌ಗೆ ಇಷ್ಟಾ ಅಂತ ನಮ್ಮೆಜಮಾನ್ರು ಬಿಲ್ ನೋಡಿ ಕೇಳಿದ್ರು, ಹೌದು ಇಷ್ಟೇ.

ಬಳಸೋಕೆ ಹೇಗಿದೆ? ವಾಸ್ನೆ ಹತ್ರ ಹತ್ರ ಇಲ್ಲವೇ ಇಲ್ಲ, ಸ್ವಲ್ಪ ಗೋಡೆ ಬಣ್ಣದ ವಾಸ್ನೆ, ಅದೂ ಮೂಗು ಹತ್ರ ತಂದ್ರೆ. ಬಣ್ಣ ತೆಳು. ಗುಲಾಬಿ, ನೇರಳೆ ಎರಡು ಮೂರು ಕೋಟ್ ಬೇಕು, ಬಿಳಿ ಅಂತೂ ಮೂರು ಕೋಟ್ ಹಾಕಿದ್ರೂ ಗೆರೆ ಗೆರೆ ಕಾಣತ್ತೆ. ಒಣಗೋದು ಇದರ ದೊಡ್ಡ ತಲೆನೋವು. ಬಾಟಲಿ ಮೇಲೆ ಐದು ನಿಮಿಷ ಅಂತ ಬರ್ದಿರ್ತಾರೆ, ಅದು ಬೇಸಿಗೇಲಿ ಬಳ್ಳಾರಿಲಿ ಕೂತವ್ರಿಗೆ. ನಾವಿರೋದು ಶಿವಮೊಗ್ಗ, ಜುಲೈ ಮಳೇಲಿ ಒಗೆದ ಬಟ್ಟೆನೇ ಮೂರು ದಿನ ಒಣಗಲ್ಲ, ಇದೂ ನೀರೇ ಅಲ್ವಾ, ಗಾಳೀಲಿ ತೇವ ಇದ್ರೆ ಎಲ್ಲಿಗೆ ಹೋಗ್ಬೇಕು ಅದು. ಮಂಗಳೂರಲ್ಲಿರೋ ನಮ್ಮ ಅತ್ತಿಗೆಗೂ ಇದೇ ಗೋಳು. ಫ್ಯಾನ್ ಕೆಳಗೆ ಕೂರಿಸಿ, ಹೇರ್ ಡ್ರೈಯರ್ ಇದ್ರೆ ದೂರದಿಂದ ಕಮ್ಮಿ ಬಿಸೀಲಿ ಹಿಡೀರಿ. ಒಂದು ಕೋಟ್ ಪೂರ್ತಿ ಒಣಗದೇ ಎರಡನೇದು ಹಾಕಿದ್ರೆ ಕೆನೆ ಕಟ್ಟಿ ಎದ್ದು ಬರತ್ತೆ. ಅಷ್ಟೊತ್ತು ಕೂರಿಸೋಕೆ ಮೊಬೈಲ್ ಕೊಡ್ಬೇಕಾಗತ್ತೆ, ಕೊಟ್ರೆ ಆ ಕೈಯಲ್ಲೇ ಸ್ಕ್ರೀನ್ ಉಜ್ಜಿ ಬಣ್ಣ ಕಿತ್ತು ಬರತ್ತೆ, ಆಮೇಲೆ ಅಳು, ಮತ್ತೆ ಶುರು.

ಎಷ್ಟು ದಿನ ನಿಲ್ಲತ್ತೆ ಅಂದ್ರೆ ಮಕ್ಕಳ ಕೈಲಿ ಒಂದೆರಡು ದಿನ. ಸ್ನಾನದ ಬಿಸಿ ನೀರು ತಾಗಿದ್ರೆ ಅಂಚು ಬಿಡತ್ತೆ. ಬಹಳ ಜನ ರಿವ್ಯೂಲಿ ಇದಕ್ಕೇ ಒಂದು ಸ್ಟಾರ್ ಕೊಡ್ತಾರೆ, ದುಡ್ಡು ವೇಸ್ಟ್ ಅಂತ. ನನಗೆ ಇದೇ ಇಷ್ಟ ಆಗಿದ್ದು. ಶನಿವಾರ ಸಂಜೆ ಹಚ್ಚಿ, ಭಾನುವಾರ ಮದುವೆ ಮನೇಲಿ ಎಲ್ಲರಿಗೂ ಕೈ ತೋರ್ಸಿ, ಸೋಮವಾರ ಬೆಳಿಗ್ಗೆ ಕೈ ನೆನೆಸಿ ಕಿತ್ತು ಹಾಕಿ ಸ್ಕೂಲಿಗೆ ಕಳ್ಸೋದು. ಸ್ಕೂಲ್ ಡೈರೀಲಿ ನೈಲ್ ಪಾಲಿಶ್ ಇಲ್ಲ ಅಂತ ಬರ್ದಿದೆ, ಅಸೆಂಬ್ಲೀಲಿ ಉಗುರು ನೋಡ್ತಾರೆ. ಮಾಮೂಲಿ ಪಾಲಿಶ್ ಆದ್ರೆ ಆ ಹೊತ್ತಲ್ಲಿ ರಿಮೂವರ್ ಹಿಡ್ಕೊಂಡು ಉಜ್ತಾ ಕೂರ್ಬೇಕು, ವ್ಯಾನ್ ಹಾರ್ನ್ ಹೊಡೀತಿರತ್ತೆ. ಎಷ್ಟೋ ದಿನ ಬಿಡದೇ ಹಚ್ಕೊಂಡಿದ್ರೆ ಉಗುರ ಮೇಲೆ ಬಿಳಿ ಬಿಳಿ ಒರಟು ಮಚ್ಚೆ ಬರತ್ತಲ್ಲ, ಗಾಢ ಕೆಂಪು ಹಚ್ಚಿದ್ರೆ ಹಳದಿ ಕಲೆ ನಿಲ್ಲತ್ತಲ್ಲ, ಅದೂ ಇದರಲ್ಲಿ ಕಾಣ್ಲಿಲ್ಲ, ನಿಲ್ಲೋದೇ ಎರಡು ದಿನ ಅಂದ್ಮೇಲೆ.

ವಾಟರ್ ಬೇಸ್ಡ್ ಅಂದ ತಕ್ಷಣ ಕಣ್ಣು ಮುಚ್ಚಿ ತಗೋಬೇಡಿ ಆದ್ರೂ. ನೀರು ಇದ್ದಲ್ಲಿ ಬ್ಯಾಕ್ಟೀರಿಯಾ ಬೆಳೆಯತ್ತೆ, ಅದಕ್ಕೆ ಪ್ರಿಸರ್ವೇಟಿವ್ ಹಾಕ್ಲೇಬೇಕು. ಪಟ್ಟೀಲಿ ಮೀಥೈಲ್‌ಐಸೋಥಯಾಜೋಲಿನೋನ್ ಅಂತ ಉದ್ದದ ಹೆಸರು ಕಂಡ್ರೆ ನಾನು ವಾಪಸ್ ಇಡ್ತೀನಿ, ಚರ್ಮದ ಅಲರ್ಜಿಗೆ ಕುಖ್ಯಾತಿ ಪಡೆದಿರೋದು ಅದು, ಹಚ್ಚಿ ಹಾಗೇ ಬಿಡೋ ಕಾಸ್ಮೆಟಿಕ್‌ಗಳಲ್ಲಿ ಯೂರೋಪ್‌ನಲ್ಲಿ 2017ರಿಂದ ನಿಷೇಧ. ಅದರ ಬದಲು ಫೀನಾಕ್ಸಿಇಥನಾಲ್ ಅನ್ನೋ ಪ್ರಿಸರ್ವೇಟಿವ್ ಇದ್ರೆ ನನಗೆ ಓಕೆ. ಬಾಟಲಿ ಹಳೇದಾಗಿ ವಾಸ್ನೆ ಬದಲಾದ್ರೆ ಎಸೀರಿ, ಗಟ್ಟಿಯಾಯ್ತು ಅಂತ ರಿಮೂವರ್ ಸುರಿದು ಕಲಕೋದು ನಮ್ಮಮ್ಮನ ಕಾಲದ ಟೆಕ್ನಿಕ್, ಇದಕ್ಕೆ ನಡಿಯಲ್ಲ, ಮೊಸರಾಗತ್ತೆ.

ಅಲರ್ಜಿ ವಿಷಯ ಬಂದಿದ್ದಕ್ಕೆ ಒಂದು ಮಾತು. ನೈಲ್ ಪಾಲಿಶ್ ಅಲರ್ಜಿ ಬೆರಳಲ್ಲಿ ಕಾಣ್ಬೇಕು ಅಂತೇನಿಲ್ಲ, ಎಷ್ಟೋ ಸಲ ಕಣ್ಣಿನ ರೆಪ್ಪೆ ಮೇಲೆ, ಕುತ್ತಿಗೆ ಹತ್ರ ತುರಿಕೆ, ಕೆಂಪು ಆಗಿ ಬರತ್ತೆ, ಉಗುರು ತಾಗೋ ಜಾಗ ಅಲ್ವಾ ಅವೆಲ್ಲ. ಮಾಮೂಲಿ ಪಾಲಿಶ್‌ನಲ್ಲಿರೋ ಟೋಸಿಲಮೈಡ್ ಫಾರ್ಮಾಲ್ಡಿಹೈಡ್ ರೆಸಿನ್ ಇದಕ್ಕೆ ಹಳೇ ಕಾರಣ. ಮಗು ಕಣ್ಣು ಉಜ್ಜೋದು ಜಾಸ್ತಿ ಮಾಡ್ತಿದ್ರೆ ಧೂಳು ಅಂತ ಸುಮ್ನಾಗ್ಬೇಡಿ, ಪಾಲಿಶ್ ತೆಗೆದು ಡಾಕ್ಟರಿಗೆ ಹೇಳಿ. ಗ್ಲಿಟರ್ ಇರೋದನ್ನ ನಾನು ತರಲ್ಲ, ಆ ಚೂರುಗಳು ದಿಂಬಿನ ಮೇಲೆ, ಕಣ್ಣಲ್ಲಿ, ಚಪಾತಿ ಹಿಟ್ಟಲ್ಲಿ ಎಲ್ಲಾ ಕಡೆ.

ಮೇಕಪ್ ಸೆಟ್ ಅಂತ ಬರ್ತ್‌ಡೇ ಗಿಫ್ಟ್ ಬರತ್ತಲ್ಲ, ಪಿಂಕ್ ಸೂಟ್‌ಕೇಸು, ಒಳಗೆ ಲಿಪ್‌ಸ್ಟಿಕ್, ಐಶ್ಯಾಡೋ, ಎರಡು ನೈಲ್ ಪಾಲಿಶ್, ಇದು ನನ್ನ ಪ್ರಕಾರ ಎಲ್ಲದಕ್ಕಿಂತ ಗೋಜಲು. ಆಟಿಕೆಗೆ ನಮ್ಮಲ್ಲಿ 2021ರ ಜನವರಿಯಿಂದ ಐಎಸ್‌ಐ ಮಾರ್ಕ್ ಕಡ್ಡಾಯ. ಹೊರಗಿನ ಡಬ್ಬಕ್ಕೆ ಆ ಮಾರ್ಕ್ ಇದ್ರೂ ಒಳಗಿನ ಪಾಲಿಶ್‌ಗೆ ತಯಾರಕರ ಲೈಸೆನ್ಸ್, ಬ್ಯಾಚ್, ಡೇಟ್ ಇದೆಯಾ ಅಂತ ಬೇರೆ ನೋಡಿ. ನಮ್ಮನೆಗೆ ಬಂದಿದ್ದರಲ್ಲಿ ಯಾವ್ದೂ ಇರ್ಲಿಲ್ಲ, ಬಾಟಲಿ ತೆಗೆದಿಟ್ಟು ಕನ್ನಡಿ, ಬಾಚಣಿಗೆ, ಸೂಟ್‌ಕೇಸು ಆಟಕ್ಕೆ ಕೊಟ್ವಿ, ಅವಳಿಗೆ ಸೂಟ್‌ಕೇಸೇ ಇಷ್ಟ ಆಗಿತ್ತು ಬಿಡಿ.

ಪಾರ್ಲರ್‌ನಲ್ಲಿ ಮಕ್ಕಳಿಗೆ ಜೆಲ್ (ಲ್ಯಾಂಪ್ ಬೆಳಕಲ್ಲಿ ಗಟ್ಟಿ ಮಾಡೋ ಪಾಲಿಶ್) ಹಾಕ್ಸೋದು ಈಗ ಶುರುವಾಗಿದೆ, ಬರ್ತ್‌ಡೇ ಪಾರ್ಟಿಗೆ ಪ್ಯಾಕೇಜ್ ಬೇರೆ. ಬೇಡ. ಜೆಲ್‌ನಲ್ಲಿರೋ ಅಕ್ರಿಲೇಟ್ ಅನ್ನೋ ರಾಸಾಯನಿಕಗಳು ಸರಿಯಾಗಿ ಗಟ್ಟಿಯಾಗದೇ ಚರ್ಮಕ್ಕೆ ತಾಗಿದ್ರೆ ಅಲರ್ಜಿ ಬರಬಹುದು, ಬಂದ್ರೆ ಜೀವನಪೂರ್ತಿ ಉಳಿಯೋ ಥರದ್ದು, ಮುಂದೆ ಹಲ್ಲಿನ ಫಿಲ್ಲಿಂಗ್‌ಗೂ ತೊಂದ್ರೆ ಕೊಡಬಹುದು. ಜೆಲ್ ಗಟ್ಟಿ ಮಾಡೋಕೆ ಹಾಕ್ತಿದ್ದ ಟಿಪಿಒ ಅನ್ನೋದನ್ನ ಯೂರೋಪ್ 2025ರ ಸೆಪ್ಟೆಂಬರ್ 1ರಿಂದ ನಿಲ್ಸಿದೆ. ದೊಡ್ಡವ್ರು ಏನಾದ್ರೂ ಮಾಡ್ಕೊಳ್ಳಿ.

ಮದರಂಗಿ ಹಚ್ಚಿ ಸುಮ್ನೆ, ಇದೆಲ್ಲ ಯಾಕೆ ಅಂತ ಅಜ್ಜಿಯಂದಿರು ಹೇಳ್ತಾರೆ. ಗಿಡದ ಎಲೆ ಕಿತ್ತು ರುಬ್ಬಿ ಹಚ್ಚಿದ್ರೆ ನನಗೂ ಖುಷಿ, ಪಂಚಮಿಗೆ ಹಚ್ಚೋದು ಅದೇ. ಆದ್ರೆ ಅಂಗಡಿಯ ಕಪ್ಪು ಮೆಹಂದಿ ಕೋನ್ ಬೇರೆ ಮಾತು. ಮದರಂಗಿಗೆ ತನ್ನಷ್ಟಕ್ಕೆ ಕಪ್ಪು ಬಣ್ಣ ಬರಲ್ಲ, ಕಪ್ಪಾಗೋಕೆ ಕೂದಲ ಡೈನಲ್ಲಿ ಹಾಕೋ ಪಿಪಿಡಿ ಅನ್ನೋ ರಾಸಾಯನಿಕ ಎಷ್ಟೋ ಸಲ ಸೇರಿಸಿರ್ತಾರೆ, ಮಕ್ಕಳ ಕೈಲಿ ಬೊಬ್ಬೆ ಎದ್ದು ಡಿಸೈನ್ ಆಕಾರದಲ್ಲೇ ಕಲೆ ಉಳಿಯಬಹುದು. ಜಿ6ಪಿಡಿ ಕೊರತೆ (ಹುಟ್ಟಿನಿಂದಲೇ ಬರೋ ರಕ್ತದ ಒಂದು ತೊಂದ್ರೆ) ಇರೋ ಮಕ್ಕಳಿಗೆ ಅಸಲಿ ಮದರಂಗಿನೂ ಬೇಡ, ರಕ್ತಕಣ ಒಡೆಯೋ ಅಪಾಯ ಇದೆ. ಹಾಗಾಗಿ ನ್ಯಾಚುರಲ್ ಅಂದ್ರೆ ಸೇಫ್ ಅಂತ ವಾದ ಮಾಡೋರ ಜೊತೆ ನಾನು ಕೂರಲ್ಲ.

ರಿಮೂವರ್ ಬಗ್ಗೆ ಯಾರೂ ಕೇಳಲ್ಲ, ನನ್ನ ತಲೆ ತಿನ್ನೋದು ಅದೇ. ಉಗುರ ಮೇಲೆ ಒಣಗಿದ ಪಾಲಿಶ್‌ನ ಒಂದು ಚಕ್ಕೆ ಮಗು ಕಚ್ಚಿ ನುಂಗಿದ್ರೆ ಸಾಮಾನ್ಯವಾಗಿ ಹೆದರೋಕಿಲ್ಲ, ಸಾಲ್ವೆಂಟ್ ಹಾರಿ ಹೋಗಿರತ್ತೆ. ರಿಮೂವರ್ ಹಾಗಲ್ಲ, ನೀರಿನ ಥರಾನೇ ಕಾಣತ್ತೆ, ಕೆಲವಕ್ಕೆ ಸ್ಟ್ರಾಬೆರಿ ವಾಸ್ನೆ ಬೇರೆ ಹಾಕ್ತಾರೆ ಪುಣ್ಯಾತ್ಮರು, ಮುಚ್ಚಳ ಮಗು ತಿರುಗಿಸಿದ್ರೂ ಬಂದುಬಿಡತ್ತೆ. ಅಸಿಟೋನ್ ಫ್ರೀ ಅಂತ ಇದ್ರೂ ಅದರೊಳಗೆ ಇಥೈಲ್ ಅಸಿಟೇಟ್ ಥರದ್ದೇ ಇರೋದು ಹೆಚ್ಚು, ಕುಡಿಯೋಕೂ ಮೂಸೋಕೂ ಬೆಂಕಿಗೂ ಅಷ್ಟೇ ಕೆಟ್ಟದ್ದು. ಕುಡಿದ್ರೆ ವಾಂತಿ ಮಾಡಿಸೋಕೆ ಹೋಗ್ಬೇಡಿ, ಬಾಟಲಿ ಹಿಡ್ಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ದೆಹಲಿ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 24 ಗಂಟೆ ಇರತ್ತೆ, ನಂಬರ್ ಮೊದಲೇ ಫೋನಲ್ಲಿ ಹಾಕಿಟ್ಕೊಳ್ಳಿ. ಪೀಲ್ ಆಫ್‌ಗೆ ದುಡ್ಡು ಜಾಸ್ತಿ ಕೊಡೋಕೆ ನನಗೆ ಬೇಜಾರಿಲ್ಲ ಅಂದಿದ್ದು ಇದಕ್ಕೇ, ರಿಮೂವರ್ ಬಾಟಲಿನೇ ಮಗಳ ಹತ್ರ ಬರಲ್ಲ. ಬೆಚ್ಚಗಿನ ನೀರಲ್ಲಿ ಐದು ನಿಮಿಷ, ಬಿಡದಿದ್ರೆ ಅಂಚಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಎಲ್ಲಾ ವಾಟರ್ ಬೇಸ್ಡೂ ಪೀಲ್ ಆಫ್ ಅಲ್ಲ ಮತ್ತೆ, ಕೆಲವಕ್ಕೆ ಅವರದ್ದೇ ರಿಮೂವರ್ ತಗೋಬೇಕು, ಆರ್ಡರ್ ಮಾಡೋ ಮುಂಚೆ ನೋಡ್ಕೊಳ್ಳಿ.

ಬೆರಳು ಚೀಪೋ ಮಕ್ಕಳಿಗೆ ಕಹಿ ನೈಲ್ ಪಾಲಿಶ್ ಅಂತ ಬರತ್ತೆ, ಡಿನಾಟೋನಿಯಂ ಅನ್ನೋ ವಿಪರೀತ ಕಹಿ ವಸ್ತು ಹಾಕಿರೋದು. ನಮ್ಮಲ್ಲಿ ಬೇವಿನೆಣ್ಣೆ ಹಚ್ತಿದ್ರಲ್ಲ ಅದೇ ಐಡಿಯಾ. ಅದನ್ನ ತಗೊಂಡ್ರೂ ಎಷ್ಟು ವರ್ಷದ ಮೇಲಿನವರಿಗೆ ಅಂತ ಲೇಬಲ್ ನೋಡಿ, ಆ ಕಹಿ ಕೂರಿಸಿರೋದು ಎಷ್ಟೋ ಸಲ ಮಾಮೂಲಿ ಸಾಲ್ವೆಂಟ್ ಪಾಲಿಶ್‌ನಲ್ಲೇ. ಇಡೀ ದಿನ ಕೈ ಬಾಯಲ್ಲೇ ಇರೋ ವಯಸ್ಸಿನ ಮಗುಗೆ, ಅಂದ್ರೆ ಎರಡು ಮೂರು ವರ್ಷದೊಳಗೆ, ನಾನು ವಾಟರ್ ಬೇಸ್ಡೂ ಕೈಗೆ ಹಚ್ಚಲ್ಲ. ಅಕ್ಕನ ಬಣ್ಣ ನೋಡಿ ತಂಗಿ ಹಠ ಮಾಡಿದ್ರೆ ಕಾಲಿನ ಉಗುರಿಗೆ ಒಂದು ಕೋಟ್ ಹಚ್ಚಿ ಸಾಕ್ಸ್ ಹಾಕ್ಬಿಡಿ, ಕೆಲ್ಸ ಆಗತ್ತೆ.

ಮಗುಗೆ ಜೋರು ಜ್ವರ, ಉಬ್ಬಸ ಅಂತ ಆಸ್ಪತ್ರೆಗೆ ಹೊರಟ್ರೆ ಯಾವ ಪಾಲಿಶ್ ಆದ್ರೂ ತೆಗೆದೇ ಹೋಗಿ. ಉಗುರಿನ ಬಣ್ಣ ನೀಲಿಗಟ್ಟಿದೆಯಾ ಅಂತ ಡಾಕ್ಟರ್ ನೋಡ್ತಾರೆ, ಬೆರಳಿಗೆ ಹಾಕೋ ಆಕ್ಸಿಮೀಟರ್‌ನ ಬೆಳಕು ಉಗುರಿನ ಮೂಲಕಾನೇ ಹಾಯ್ಬೇಕು, ಕಪ್ಪು, ಗಾಢ ನೀಲಿ ಇದ್ರೆ ರೀಡಿಂಗ್ ತಪ್ಪು ಬರಬಹುದು. ಪೀಲ್ ಆಫ್ ಆದ್ರೆ ಆಟೋದಲ್ಲಿ ಕೂತ್ಕೊಂಡೇ ಕಿತ್ತು ಮುಗಿಸಬಹುದು, ನಮ್ಮವಳಂತೂ ಅದನ್ನ ತಾನೇ ಮಾಡ್ತೀನಿ ಅಂತ ಕೈ ಕಿತ್ಕೋತಾಳೆ.